ಸ್ಕ್ರಿಪ್ಟ್ ನಡುವೆ ಕಮಾಂಡ್ ಪ್ರಶ್ನೆ ಕೇಳಿದರೆ

ರಾತ್ರಿ ಓಡಲಿ ಎಂದು ಬಿಟ್ಟುಹೋದ ಸ್ಕ್ರಿಪ್ಟ್ ಬೆಳಗ್ಗೆಯೂ ಅದೇ ಸಾಲಿನಲ್ಲಿ ನಿಂತಿದ್ದರೆ, ಯಾವುದೋ ಕಮಾಂಡ್ ‘ವೈ ಅಥವಾ ಎನ್’ ಎಂದು ಕೇಳಿ ಕಾಯುತ್ತಾ ಕೂತಿರುವ ಸಂಭವ ಹೆಚ್ಚು. ಉತ್ತರ ಕೊಡುವ ಉಪಾಯ ಆಮೇಲೆ. ಪ್ರಶ್ನೆಯೇ ಏಳದಂತೆ ಮಾಡಲು ಸಾಧ್ಯವೇ ಎಂದು ಮೊದಲು ನೋಡಿ. (ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪಿಸುವಾಗ ಇಂಗ್ಲಿಷಿನಲ್ಲೇ ಟೈಪಿಸಿ.)

ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ಪ್ಯಾಕೇಜ್ ಹಾಕುವ ಆಪ್ಟ್-ಗೆಟ್‌ಗೆ ಹೈಫನ್ ವೈ ಹಾಕಿದರೆ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಅದು ‘ಇನ್‌ಸ್ಟಾಲ್ ಮಾಡಲೇ’ ಎಂಬಂಥ ಆಪ್ಟ್‌ನ ಸ್ವಂತ ಪ್ರಶ್ನೆಗಳಿಗೆ ಮಾತ್ರ. ಟಿಜೆಡ್‌ಡೇಟಾ ಪ್ಯಾಕೇಜ್ ಟೈಮ್‌ಜೋನ್ ಕೇಳುವುದು, ಪ್ಯಾಕೇಜುಗಳ ಪರವಾಗಿ ಪ್ರಶ್ನೆ ಕೇಳುವ ಡೆಬ್‌ಕಾನ್ಫ್ ಎಂಬ ಬೇರೆ ಸಾಧನದ ಮೂಲಕ. ಅದನ್ನು ಸುಮ್ಮನಾಗಿಸಲು ಡೆಬಿಯನ್_ಫ್ರಂಟೆಂಡ್ ಎಂಬ ದೊಡ್ಡಕ್ಷರದ ವೇರಿಯಬಲ್‌ಗೆ ನಾನ್‌ಇಂಟರಾಕ್ಟಿವ್ ಬೆಲೆ ಕೊಡಬೇಕು. ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೋ ಬಳಸುವುದಾದರೆ ಇದನ್ನು ಸುಡೋ ಪದದ ನಂತರ ಬರೆಯಿರಿ. ಮೊದಲೇ ಬರೆದರೆ ಸುಡೋ ಸಾಮಾನ್ಯವಾಗಿ ಎನ್ವಿರಾನ್ಮೆಂಟ್ ಅಳಿಸಿಹಾಕುವುದರಿಂದ ವೇರಿಯಬಲ್ ಒಳಗೆ ತಲುಪುವುದಿಲ್ಲ. ಇಷ್ಟಾದರೂ, ನೀವು ತಿದ್ದಿದ ಕಾನ್ಫಿಗ್ ಫೈಲ್ ಇಟ್ಟುಕೊಳ್ಳಲೇ, ಹೊಸದನ್ನು ಹಾಕಲೇ ಎಂದು, ಆಪ್ಟ್‌ನ ಅಡಿಯಲ್ಲಿ ಪ್ಯಾಕೇಜ್ ಹಾಕುವ ಡಿಪಿಕೆಜಿ ಕೇಳಬಹುದು. ಅದಕ್ಕೆ ಫೋರ್ಸ್-ಕಾನ್ಫ್‌ಓಲ್ಡ್ ಎಂಬ ಬೇರೆಯೇ ಆಯ್ಕೆ ಇದೆ. ಹಳೆಯ ಫೈಲ್ ಉಳಿಯುತ್ತದೆ.

ಪಾಸ್‌ವರ್ಡ್ ಬದಲಿಸಲು ಪಾಸ್‌ಡಬ್ಲ್ಯುಡಿ ಬದಲು ಸಿಎಚ್‌ಪಾಸ್‌ಡಬ್ಲ್ಯುಡಿ, ಡಿಸ್ಕ್ ವಿಭಾಗಿಸಲು ಎಫ್‌ಡಿಸ್ಕ್ ಬದಲು ಎಸ್‌ಎಫ್‌ಡಿಸ್ಕ್ ಬಳಸಿ: ಎರಡೂ ಪೈಪ್‌ನಿಂದ (ಇನ್ನೊಂದು ಕಮಾಂಡಿನ ಔಟ್‌ಪುಟ್‌ನಿಂದ) ಓದುತ್ತವೆ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಕೀ (ಪಾಸ್‌ವರ್ಡ್ ಬದಲಿನ ಗುರುತಿನ ಫೈಲ್) ಮಾಡಿಕೊಡುವ ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡಕ್ಷರದ ಎನ್ ಜೊತೆ ಖಾಲಿ ಉದ್ಧರಣ ಚಿಹ್ನೆ, ಸಣ್ಣ ಎಫ್ ಜೊತೆ ಫೈಲ್ ದಾರಿ ಕೊಟ್ಟರೆ ಪಾಸ್‌ಫ್ರೇಸ್ ಕೇಳುವುದಿಲ್ಲ. ಆ ಫೈಲ್ ಆಗಲೇ ಇದ್ದರೆ ಮಾತ್ರ ‘ಮೇಲೆ ಬರೆಯಲೇ’ ಎಂದು ಕೇಳಿಯೇ ಕೇಳುತ್ತದೆ. ಫೈಲ್ ಇದೆಯೇ ಎಂದು ಸ್ಕ್ರಿಪ್ಟ್‌ನಲ್ಲೇ ಮೊದಲು ಪರೀಕ್ಷಿಸಿ.

ಇಂಥ ಆಯ್ಕೆ ಇಲ್ಲದ, ಪ್ರತಿ ಪ್ರಶ್ನೆಗೂ ವೈ ಎಂದರೆ ಸಾಕಾಗುವ ಕಮಾಂಡ್‌ಗೆ ವೈ ಎನ್ನುತ್ತಲೇ ಇರುವ ಯೆಸ್ ಕಮಾಂಡನ್ನು ಪೈಪ್ ಮಾಡಬಹುದು. ಬ್ಯಾಶ್ ಶೆಲ್‌ನಲ್ಲಿ ಪೈಪ್‌ಫೇಲ್ (ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲೆನ್ನುವ ಆಯ್ಕೆ) ಚಾಲೂ ಇದ್ದರೆ ಜೋಪಾನ. ಕೆಲಸ ಸರಿಯಾಗಿ ಮುಗಿದರೂ ಪೈಪ್ ಮುಚ್ಚಿದಾಗ ಯೆಸ್ ಸಾಯುತ್ತದೆ, ಫಲಿತಾಂಶ 141 ಬರುತ್ತದೆ (128ಕ್ಕೆ, ಪೈಪ್ ಮುಚ್ಚಿತೆನ್ನುವ ಸಿಗ್‌ಪೈಪ್ ಸಿಗ್ನಲ್‌ನ 13 ಸೇರಿ), ಸೆಟ್ ಹೈಫನ್ ಇ ಕೂಡ ಇದ್ದರೆ ಸ್ಕ್ರಿಪ್ಟ್ ಸೋತಿತೆಂದು ನಿಲ್ಲುತ್ತದೆ.

ಎಸ್‌ಎಸ್‌ಎಚ್ ಪಾಸ್‌ವರ್ಡ್‌ಗೆ ಪೈಪ್ ನಡೆಯುವುದಿಲ್ಲ. ಅದು ಸ್ಟ್ಯಾಂಡರ್ಡ್ ಇನ್‌ಪುಟ್ ಬಿಟ್ಟು ನೇರವಾಗಿ ಟರ್ಮಿನಲ್‌ನಿಂದಲೇ ಓದುತ್ತದೆ. ಕೀ ಹಾಕಿಕೊಳ್ಳಿ, ಬ್ಯಾಚ್‌ಮೋಡ್ ಆಯ್ಕೆಗೆ ಯೆಸ್ ಕೊಡಿ. ಕೀ ಒಪ್ಪದಿದ್ದರೆ ಕಾಯದೆ ತಕ್ಷಣ ಸೋಲುತ್ತದೆ.

ಕೀ ಹಾಕಲಾಗದ ಹಳೆಯ ಸ್ವಿಚ್ಚು, ರೂಟರುಗಳಿಗೆ ಉಳಿಯುವುದು ಎಕ್ಸ್‌ಪೆಕ್ಟ್. ಡಾನ್ ಲೀಬ್ಸ್ ಬರೆದ ಈ ಸಾಧನ ಟಿಕಲ್ ಭಾಷೆಯ ಮೇಲೆ ನಿಂತಿದೆ. ಒಂದು ಹುಸಿ ಟರ್ಮಿನಲ್ ತೆರೆದು ಕಮಾಂಡನ್ನು ಅದರೊಳಗೆ ಓಡಿಸುತ್ತದೆ, ಹಾಗಾಗಿ ಎಸ್‌ಎಸ್‌ಎಚ್‌ಗೂ ಎದುರಿಗೆ ಮನುಷ್ಯ ಕೂತಂತೆಯೇ. ಅದರ ಸ್ಕ್ರಿಪ್ಟ್‌ನಲ್ಲಿ ‘ಸ್ಪಾನ್’ ಎಂಬುದು ಕಮಾಂಡನ್ನು ಶುರು ಮಾಡುತ್ತದೆ, ‘ಎಕ್ಸ್‌ಪೆಕ್ಟ್’ ಎಂಬುದು ಪ್ರಶ್ನೆಗೆ ಕಾಯುತ್ತದೆ, ‘ಸೆಂಡ್’ ಉತ್ತರ ಕಳಿಸುತ್ತದೆ. ಉತ್ತರದ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಆರ್ ಹಾಕಿ, ಎನ್ ಅಲ್ಲ. ಎಂಟರ್ ಒತ್ತಿದಾಗ ಕೀಬೋರ್ಡ್ ಕಳಿಸುವುದು ಅದನ್ನೇ.

ಎಡವುವುದು ಹೆಚ್ಚಾಗಿ ಟೈಮ್‌ಔಟ್‌ನಲ್ಲಿ. ಹೇಳದಿದ್ದರೆ ಕಾಯುವುದು 10 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಪ್ರಶ್ನೆ ಬಾರದಿದ್ದರೆ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಅಂದರೆ ಪಾಸ್‌ವರ್ಡ್ ಕೇಳುವ ಮೊದಲೇ ಪಾಸ್‌ವರ್ಡ್ ಕಳಿಸಿ, ಅದು ಪರದೆಯ ಮೇಲೆ, ಲಾಗ್‌ನಲ್ಲಿ ಬಯಲಾಗಬಹುದು. ಸ್ಪಾನ್ ಆದ ಕೂಡಲೇ ಎಕ್ಸ್‌ಪೆಕ್ಟ್_ಆಫ್ಟರ್ ಬ್ಲಾಕ್ ಬರೆದು, ಟೈಮ್‌ಔಟ್ ಆದರೂ ಇಒಎಫ್ (ಔಟ್‌ಪುಟ್ ಮುಗಿಯಿತೆಂಬ ಸೂಚನೆ) ಬಂದರೂ ಎಕ್ಸಿಟ್ 1 ಎನ್ನಿ. ನಿಧಾನದ ಕೆಲಸಕ್ಕೆ ಟೈಮ್‌ಔಟ್ 300 ಇಡಿ. ಮೈನಸ್ 1 ಇಟ್ಟರೆ ಎಂದೆಂದಿಗೂ ಕಾಯುತ್ತದೆ, ಮತ್ತೆ ಹಳೆಯ ಕಥೆ.

ಚೌಕ ಕಂಸ ಇನ್ನೊಂದು ಗುಂಡಿ. ಪ್ರಾಂಪ್ಟ್‌ನಲ್ಲಿ ಚೌಕ ಕಂಸದೊಳಗೆ ವೈ, ಎನ್ ಇದ್ದು, ನೀವು ಅದನ್ನು ಜೋಡಿ ಉದ್ಧರಣದಲ್ಲಿ ಬರೆದರೆ ಟಿಕಲ್ ಅದನ್ನು ಕಮಾಂಡ್ ಎಂದು ಓಡಿಸಲು ಹೊರಟು ‘ಇಂಥ ಕಮಾಂಡ್ ಇಲ್ಲ’ ಎನ್ನುತ್ತದೆ. ಹೂವಿನ ಕಂಸದಲ್ಲಿ ಬರೆದು, ಅದಕ್ಕೂ ಮೊದಲು ಹೈಫನ್ ಇಎಕ್ಸ್ ಸೇರಿಸಿ. ಪ್ರಶ್ನೆಯ ಭಾಷೆ ಲೊಕೇಲ್ (ಯಂತ್ರದ ಭಾಷಾ ಸೆಟ್ಟಿಂಗ್) ಜೊತೆ ಬದಲಾಗುವುದರಿಂದ ಎಲ್‌ಸಿ_ಆಲ್ ಅನ್ನು ಸಿ ಎಂದು ಕಟ್ಟಿಹಾಕಿ.

ಪಾಸ್‌ವರ್ಡನ್ನು ಆರ್ಗ್ಯುಮೆಂಟ್ ಆಗಿ ಕೊಡಬೇಡಿ, ಓಡುತ್ತಿರುವ ಕಮಾಂಡುಗಳನ್ನು ತೋರಿಸುವ ಪಿಎಸ್ ಹೊಡೆದವರಿಗೆಲ್ಲ ಕಾಣುತ್ತದೆ. 600 ಅನುಮತಿಯ (ಮಾಲೀಕ ಮಾತ್ರ ಓದಿ ಬರೆಯಬಲ್ಲ) ಫೈಲಿನಿಂದ ಓದಿಸಿ. ಕೊನೆಗೆ ಇಒಎಫ್‌ಗೆ ಕಾದು, ಎಕ್ಸ್‌ಪೆಕ್ಟ್‌ನ ವೇಟ್ ಕಮಾಂಡ್ ಹಿಂದಿರುಗಿಸುವ ಪಟ್ಟಿಯ ನಾಲ್ಕನೇ ಅಂಶವನ್ನೇ ಎಕ್ಸಿಟ್‌ಗೆ ಕೊಡಿ. ಇಲ್ಲದಿದ್ದರೆ ಒಳಗಿನ ಕಮಾಂಡ್ ಸೋತರೂ ನಿಮ್ಮ ಸ್ಕ್ರಿಪ್ಟ್ ಸೊನ್ನೆಯನ್ನೇ ಹೇಳುತ್ತದೆ. ಪ್ಯಾಟರ್ನ್ ಏಕೆ ಹೊಂದುತ್ತಿಲ್ಲ ಎಂದು ತಿಳಿಯದಿದ್ದರೆ ಎಕ್ಸ್‌ಪೆಕ್ಟ್‌ಗೆ ಹೈಫನ್ ಡಿ ಹಾಕಿ ಓಡಿಸಿ. ಬಂದ ಒಂದೊಂದು ಅಕ್ಷರವನ್ನೂ ಯಾವುದಕ್ಕೆ ಹೋಲಿಸಿತು ಎಂದು ತೋರಿಸುತ್ತದೆ.