ಮೆಣಸಿನ ಬಳ್ಳಿ ಚಿಗುರಿತೆಂದು ಅವಸರಪಡಬೇಡಿ

ಶಿವರಾತ್ರಿಯ ಹೊತ್ತಿಗೆ ಶಿರಸಿ ಸುತ್ತಲಿನ ತೋಟಗಳಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತದೆ. ಕಾಳುಮೆಣಸಿನ ಸಸಿ ಮಾಡಿಕೊಳ್ಳಲು ಫೆಬ್ರವರಿ, ಮಾರ್ಚ್ ತಿಂಗಳುಗಳೇ ತಕ್ಕ ಕಾಲ.

ಚೆನ್ನಾಗಿ ಫಸಲು ಕೊಡುವ ಬಳ್ಳಿಯ ಬುಡದಿಂದ ಹೊರಟ ಹಬ್ಬು ಬಳ್ಳಿಯನ್ನೇ ಆರಿಸಿ. ಸೊರಗು ರೋಗ ಕಂಡ ತೋಟದಿಂದ ಒಂದು ತುಂಡನ್ನೂ ತರಬೇಡಿ. ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು, ಎರಡು ಮೂರು ಗೆಣ್ಣುಗಳಿರುವ ತುಂಡುಗಳನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ತೊಟ್ಟನ್ನು ಉಳಿಸಿ ಎಲೆಯನ್ನು ತೆಗೆಯಿರಿ. ಬೇರಿಲ್ಲದ ತುಂಡಿಗೆ ನೀರು ಬರುವ ದಾರಿ ಇಲ್ಲ. ಎಲೆ ಮಾತ್ರ ನೀರನ್ನು ಆವಿ ಮಾಡುತ್ತಲೇ ಇರುತ್ತದೆ.

ಒಂದು ಗೆಣ್ಣನ್ನು ಕಣ್ಣ ಹತ್ತಿರ ಹಿಡಿದು ನೋಡಿ. ತೊಟ್ಟಿನ ಕಂಕುಳಲ್ಲಿ ಚೂಪಾದ ಮೊಗ್ಗು, ಗೆಣ್ಣಿನ ಸುತ್ತ ಬೇರಿನ ಸಣ್ಣ ಸಣ್ಣ ಉಬ್ಬುಗಳು. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಸಾಗುತ್ತದೆ. ಕತ್ತರಿಸಿದ ಕಡೆ ದಾರಿ ಮುಗಿದು ಅಲ್ಲೇ ಶೇಖರವಾಗುತ್ತದೆ. ಅದರ ಪ್ರಚೋದನೆಯಿಂದ ಜೀವಕೋಶಗಳು ಮತ್ತೆ ವಿಭಜನೆಗೊಂಡು ಬೇರಾಗುತ್ತವೆ. ಇತ್ತ ಕುಡಿ ಇಲ್ಲವಾದ್ದರಿಂದ ಕಂಕುಳ ಮೊಗ್ಗಿಗಿದ್ದ ತಡೆಯೂ ಕಳಚುತ್ತದೆ. ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿದ್ದರೆ ಚಿಗುರು ಎಂಬುದನ್ನು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದಲ್ಲಿ ತೋರಿಸಿಕೊಟ್ಟರು. ತುಂಡನ್ನು ತಲೆಕೆಳಗಾಗಿ ನೆಟ್ಟರೂ ಆಕ್ಸಿನ್ ತನ್ನ ಹಳೆಯ ದಿಕ್ಕನ್ನು ಬಿಡುವುದಿಲ್ಲ. ಹಾಗಾಗಿ ಕತ್ತರಿಸುವಾಗಲೇ ಬುಡಗಳನ್ನೆಲ್ಲ ಒಂದೇ ಕಡೆಗೆ ಜೋಡಿಸಿಡಿ.

ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ತೂತು ಮಾಡಿದ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ. ಒಂದು ಗೆಣ್ಣಾದರೂ ಮಣ್ಣಿನೊಳಗಿರಲಿ. ನೆರಳಿನಲ್ಲಿಟ್ಟು ಹದವಾಗಿ ನೀರು ಚಿಮುಕಿಸಿ; ನೀರು ನಿಂತರೆ ಬುಡ ಕೊಳೆಯುತ್ತದೆ. ಬೇರು ಬರಿಸುವ ಪುಡಿಯೂ ಆಕ್ಸಿನ್ ಜಾತಿಯದೇ. ಹಬ್ಬು ಬಳ್ಳಿ ಅದಿಲ್ಲದೆಯೂ ಬೇರು ಬಿಡುತ್ತದೆ.

ಇನ್ನು ಕಾಯುವ ಕೆಲಸ. ಮೊದಲ ವರ್ಷ ನಾನು ಸೋತದ್ದು ಇಲ್ಲಿಯೇ. ಮೂರನೇ ವಾರ ಮೊಗ್ಗು ಒಡೆದು ಎಳೆ ಎಲೆ ಇಣುಕಿದ್ದೇ ತಡ, ಸಸಿಯಾಯಿತೆಂದು ಕೊಟ್ಟೆಗಳನ್ನು ಬಿಸಿಲಿಗೆ ಸರಿಸಿದೆ. ಎರಡೇ ದಿನದಲ್ಲಿ ಎಲ್ಲವೂ ಜೋತುಬಿದ್ದವು. ಕಿತ್ತು ನೋಡಿದರೆ ಒಂದಕ್ಕೂ ಬೇರಿರಲಿಲ್ಲ. ಕಾಂಡದಲ್ಲಿ ಉಳಿದಿದ್ದ ಆಹಾರವನ್ನೇ ಉಂಡು ಚಿಗುರು ಬಂದಿತ್ತು. ಈಗ ಎರಡು ಮೂರು ಎಲೆ ಬಿಡುವವರೆಗೂ ನೆರಳು ತೆಗೆಯುವುದಿಲ್ಲ. ಕೊಟ್ಟೆಯ ತೂತಿನಲ್ಲಿ ಬಿಳಿ ಬೇರಿನ ತುದಿ ಕಂಡಾಗಲೇ ನನಗೆ ನೆಮ್ಮದಿ.

ತೋಟವಿಲ್ಲದ ಕಾರವಾರದ ಮನೆಗಳವರು ಕಾಯಿ ಕಚ್ಚುವ ಅಡ್ಡ ಟಿಸಿಲನ್ನು ಬೇರು ಬರಿಸಿ ಕುಂಡದಲ್ಲಿ ನೆಡಬಹುದು. ಟಿಸಿಲಿನಿಂದ ಹುಟ್ಟಿದ ಗಿಡ ಮರ ಹತ್ತುವುದಿಲ್ಲ, ಪೊದೆಯಾಗಿಯೇ ನಿಂತು ಫಲ ಕೊಡುತ್ತದೆ. ಇದು ಬೇರು ಬಿಡಲು ಸತಾಯಿಸುತ್ತದೆ, ಪುಡಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಡಿಕೆ ಮರದ ಉತ್ತರಕ್ಕೆ ಸಸಿ ನೆಟ್ಟು, ಬಾಳೆ ನಾರಿನಿಂದ ಕುಡಿಯನ್ನು ಮರಕ್ಕೆ ಸಡಿಲವಾಗಿ ಕಟ್ಟಿ. ಹೊಸ ಗೆಣ್ಣಿನ ಬೇರು ಮರವನ್ನು ಕಚ್ಚಿಕೊಳ್ಳುವ ತನಕ ಆ ಕಟ್ಟು ಇರಲಿ.