ಮಗುವಿಗೆ ವಂಶವಾಹಿ ಪರೀಕ್ಷೆ: ಕುಟುಂಬದ ನಿರ್ಧಾರಕ್ಕೆ ನೆರವಾಗುವ ಬಗೆ

ನಾಲ್ಕೈದು ವರ್ಷದ ಹುಡುಗ ನೆಲದಿಂದ ಏಳುವಾಗ ತೊಡೆಗಳ ಮೇಲೆ ಕೈಯೂರಿ ಮೈಯನ್ನು ಮೇಲಕ್ಕೆತ್ತಿಕೊಳ್ಳುತ್ತಿದ್ದರೆ, ಮೀನಖಂಡ ದಪ್ಪಗಿದ್ದರೂ ಮೆಟ್ಟಿಲು ಹತ್ತಲಾರದಿದ್ದರೆ, ವೈದ್ಯರು ರಕ್ತದಲ್ಲಿ ಸಿಪಿಕೆ ಎಂಬ, ಸ್ನಾಯು ಹಾನಿಗೊಂಡಾಗ ಹೆಚ್ಚುವ ಕಿಣ್ವದ ಪ್ರಮಾಣ ನೋಡುತ್ತಾರೆ. ಅದು ಹಲವು ಸಾವಿರಕ್ಕೆ ಏರಿದ್ದರೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುಕ್ಷಯದ ಸಂಶಯದಿಂದ ವಂಶವಾಹಿ ಪರೀಕ್ಷೆಗೆ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಬಂದ ತಂದೆತಾಯಿಯರೊಡನೆ ಮಾತನಾಡುವ ಸಮಾಲೋಚಕರಿಗೂ ಬಂಧುಗಳಿಗೂ ಈ ಬರಹ.

ಉತ್ತರ ಸಿಕ್ಕರೆ ಏನು ಬದಲಾಗುತ್ತದೆ ಎಂಬುದನ್ನು ಮೊದಲು ಬಿಡಿಸಿ ಹೇಳಿ. ಈ ಪರೀಕ್ಷೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದರೆ ರೋಗ ಖಚಿತವಾದರೆ ಸ್ನಾಯುವಿನ ತುಣುಕು ತೆಗೆಯುವ ಬಯಾಪ್ಸಿ ತಪ್ಪಬಹುದು, ಸ್ಟೀರಾಯ್ಡ್ ಚಿಕಿತ್ಸೆ ಮತ್ತು ಹೃದಯದ ತಪಾಸಣೆ ಸಕಾಲದಲ್ಲಿ ಶುರುವಾಗುತ್ತವೆ. ಖರ್ಚಿನ ದೃಷ್ಟಿಯಿಂದ ಕ್ರಮವೂ ಮುಖ್ಯ: ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ವಂಶವಾಹಿಯ ಒಂದು ತುಂಡೇ ಇಲ್ಲವಾಗಿರುವುದರಿಂದ ಇಂಥ ಇಲ್ಲವಾದ ತುಂಡುಗಳನ್ನು ಹುಡುಕುವ ಎಂಎಲ್‌ಪಿಎ ಪರೀಕ್ಷೆಯನ್ನು ಮೊದಲು ಮಾಡಿಸಿ, ಅದರಲ್ಲಿ ಏನೂ ಸಿಗದಿದ್ದರೆ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್‌ಗೆ ಹೋಗುವುದು ವಾಡಿಕೆ. ರೋಗಕ್ಕೆ ಕಾರಣವೋ ಅಲ್ಲವೋ ಎಂದು ಖಚಿತವಿಲ್ಲದ ಬದಲಾವಣೆಯೂ ವರದಿಯಲ್ಲಿ ಬರಬಹುದೆಂದು ಮುಂಚೆಯೇ ತಿಳಿಸಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ತಾಯಿಯ ವಿಷಯಕ್ಕೆ. ದೋಷ ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಗುವಿಗೆ ಅದು ತಾಯಿಯಿಂದ ಬರುತ್ತದೆ ಎಂದೊಡನೆ ಮನೆಯಲ್ಲಿ ಬೆರಳು ಅವಳತ್ತ ತಿರುಗುತ್ತದೆ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ಅವಳು ವಾಹಕಿ, ಅಂದರೆ ದೋಷವನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲವಳು, ಆಗಿದ್ದರೂ ಅದು ಯಾರೂ ಆರಿಸಿಕೊಂಡದ್ದಲ್ಲ ಎಂಬುದನ್ನು ಗಂಡನೂ ಅತ್ತೆಮಾವಂದಿರೂ ಕೇಳುವಂತೆ ಹೇಳುವುದು ಸಮಾಲೋಚಕರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಆದರೆ ಅವಳ ಸ್ವಂತ ಪರೀಕ್ಷೆಯ ಫಲಿತಾಂಶವನ್ನು ಮೊದಲು ಅವಳಿಗೊಬ್ಬಳಿಗೇ ತಿಳಿಸಬೇಕು; ಇತರರಿಗೆ ಹೇಳುವುದು ಅವಳ ಒಪ್ಪಿಗೆಯ ಮೇಲೆ.

ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ತಡಮಾಡುವಂತಿಲ್ಲ. ಮಗುವಿನಲ್ಲಿನ ದೋಷ ನಿಖರವಾಗಿ ತಿಳಿದಿದ್ದರೆ, ಹನ್ನೊಂದನೆಯ ವಾರದ ನಂತರ ನೋಂದಾಯಿತ ಕೇಂದ್ರದಲ್ಲಿ ಗರ್ಭಸ್ಥ ಶಿಶುವಿನ ಪರೀಕ್ಷೆ ಸಾಧ್ಯ. ತಾಯಿಯ ರಕ್ತದಲ್ಲಿ ದೋಷ ಕಾಣದಿದ್ದರೂ ಅಂಡಾಣುಗಳಲ್ಲಿ ಇರಬಹುದಾದ್ದರಿಂದ ಆಗಲೂ ವೈದ್ಯರನ್ನು ಕೇಳುವುದು ಒಳ್ಳೆಯದು. ತಾಯಿಯ ಅಕ್ಕತಂಗಿಯರಿಗೂ ವಿಷಯ ತಿಳಿಯಬೇಕು. ಆದರೆ ಹುಡುಗನ ಆರೋಗ್ಯವಾಗಿರುವ ಪುಟ್ಟ ತಂಗಿ ವಾಹಕಿಯೇ ಎಂದು ಈಗಲೇ ನೋಡಿಸಲು ಅವಸರಪಡಬಾರದು. ಅದು ದೊಡ್ಡವಳಾದ ಮೇಲೆ ಅವಳೇ ಮಾಡಬೇಕಾದ ತೀರ್ಮಾನ.

ಒಪ್ಪಿಗೆ ಪತ್ರಕ್ಕೆ ಅಂದೇ ಸಹಿ ಹಾಕಿಸಬೇಡಿ. ಅದನ್ನು ಮನೆಗೆ ಕೊಟ್ಟು ಕಳುಹಿಸಿ, ಉಳಿದ ರಕ್ತದ ಮಾದರಿಯನ್ನು ಏನು ಮಾಡುತ್ತಾರೆ, ವರದಿಯನ್ನು ಯಾರು ವಿವರಿಸುತ್ತಾರೆ ಎಂದು ಕೇಳಿಕೊಂಡು ಬರಲು ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗ ತಜ್ಞರಿದ್ದಾರೆ. ಪರೀಕ್ಷೆ ಬೇಡವೆಂದು ತೀರ್ಮಾನಿಸಿ ಬಂದವರಿಗೂ ಫಿಸಿಯೊಥೆರಪಿ ಮತ್ತು ಮುಂದಿನ ಭೇಟಿಯ ದಿನಾಂಕವನ್ನು ತಪ್ಪದೆ ಬರೆದುಕೊಡಿ.