ಮನೇಲಿ ರೆಕಾರ್ಡ್ ಮಾಡುವಾಗ ಬರೋ ಲೇಟೆನ್ಸಿ (ಶಬ್ದ ತಡವಾಗೋದು), ನಾನು ಸರಿ ಮಾಡ್ಕೊಂಡ ರೀತಿ

ನಂದು ಸ್ಟುಡಿಯೋ ಏನಲ್ಲ, ರೂಮಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪು, ಎರಡು ಇನ್‌ಪುಟ್ ಇರೋ ಯುಎಸ್‌ಬಿ ಇಂಟರ್ಫೇಸು (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕು, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರು, ಇಷ್ಟೇ. ಭಾವಗೀತೆ ಹಾಡೋರು, ಮೃದಂಗ ನುಡಿಸೋರು ಬರ್ತಿರ್ತಾರೆ. ಹಾಡೋ ಮೇಡಂ "ನನ್ನ ಧ್ವನಿ ಯಾಕೋ ಡಬ್ಬದೊಳಗಿಂದ ಬಂದಂಗಿದೆ" ಅಂದ್ರು, ಮೃದಂಗದ ಹುಡುಗ "ಅಣ್ಣ, ಚಾಪು ಹೊಡೆದಾದ್ಮೇಲೆ ಕಿವೀಲಿ ಬೀಳ್ತಿದೆ, ಕೈ ತಾನಾಗೇ ಎಳೀತಿದೆ" ಅಂದ. ಇನ್ನು ಪ್ಲೇ ಮಾಡಿ ನೋಡಿದ್ರೆ ಟ್ರ್ಯಾಕು ಲಯಕ್ಕೆ ಹಾಕಿರೋ ಕ್ಲಿಕ್ಕಿಗಿಂತ ಚೂರು ಹಿಂದೆ ಕೂತಿರ್ತಿತ್ತು. ಮೂರಕ್ಕೂ ಜನ ಲೇಟೆನ್ಸಿ ಅಂತಲೇ ಅಂತಾರೆ, ಆದ್ರೆ ಮೂರಕ್ಕೂ ಮದ್ದು ಒಂದೇ ಅಲ್ಲ.

ಮೊದಲು ಲೆಕ್ಕ. ಬಫರ್ ಅಂದ್ರೆ ಕಂಪ್ಯೂಟರ್ ಒಂದೊಂದ್ ಸಲಕ್ಕೆ ತಗೊಳ್ಳೋ ಶಬ್ದದ ತುಣುಕು, ಸ್ಯಾಂಪಲ್ ರೇಟ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೆಯತ್ತೆ ಅನ್ನೋದು. ಬಫರ್ ಸೈಜನ್ನ ಸ್ಯಾಂಪಲ್ ರೇಟಿಂದ ಭಾಗಿಸಿದ್ರೆ ಟೈಮು ಸಿಗತ್ತೆ. 44,100ರಲ್ಲಿ 512 ಸ್ಯಾಂಪಲ್ ಇಟ್ರೆ 11.6 ಮಿಲಿಸೆಕೆಂಡು, 48,000ದಲ್ಲಿ 128 ಇಟ್ರೆ 2.7. ಆದ್ರೆ ಇದು ಒಂದು ಕಡೆಯದ್ದು ಮಾತ್ರ, ಒಳಗೆ ಬರೋಕೊಂದು ಬಫರು, ಹೊರಗೆ ಹೋಗೋಕೊಂದು, ಅದರ ಮೇಲೆ ಇಂಟರ್ಫೇಸಿನ ಕನ್ವರ್ಟರು, ಡ್ರೈವರು ಇಟ್ಕೊಂಡಿರೋ ಎಕ್ಸ್‌ಟ್ರಾ ಬಫರು ಎಲ್ಲಾ ಸೇರತ್ತೆ, ಹಂಗಾಗಿ 128 ಇಟ್ರೂ ಹೋಗಿ ಬರೋ ಹೊತ್ತಿಗೆ 8-10 ಮಿಲಿಸೆಕೆಂಡು ಆಗೋದು ಮಾಮೂಲಿ. ಸ್ಪೀಕರಿಂದ ಮೂರು ಮೀಟರ್ ದೂರ ಕೂತ್ರೂ ಶಬ್ದ ಬರೋಕೆ ಹೆಚ್ಚುಕಮ್ಮಿ 9 ಮಿಲಿಸೆಕೆಂಡು ಬೇಕು, ಅದಕ್ಕೇ ಕೀಬೋರ್ಡ್ ನುಡಿಸೋರಿಗೆ ಇದು ಅಷ್ಟಾಗಿ ಗೊತ್ತಾಗಲ್ಲ. ಹಾಡೋರ ಕಥೆ ಬೇರೆ. ಅವರ ಧ್ವನಿ ತಲೆಬುರುಡೆ ಮೂಲಕ ಆಗಲೇ ಕಿವಿಗೆ ತಲುಪಿರತ್ತೆ, ಅದೇ ಧ್ವನಿ ಹೆಡ್‌ಫೋನಲ್ಲಿ ನಾಲ್ಕೈದು ಮಿಲಿಸೆಕೆಂಡ್ ತಡವಾಗಿ ಬಂದು ಸೇರಿದ್ರೆ ಕೆಲವು ಸ್ವರ ಕಟ್ ಆಗಿ ಕೆಲವು ಉಬ್ಬಿ ಟೋನೇ ಟೊಳ್ಳಾಗತ್ತೆ. ಮೇಡಂ ಹೇಳಿದ ಡಬ್ಬ ಇದೇ.

ಡ್ರೈವರ್ ವಿಚಾರ ಜಾಸ್ತಿ ಎಳೆಯಲ್ಲ. ರೀಪರ್ ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಡಿವೈಸ್‌ಗೆ ಹೋಗಿ ಇಂಟರ್ಫೇಸ್ ಕಂಪನಿಯವರದ್ದೇ ಎಎಸ್‌ಐಒ ಡ್ರೈವರ್ (ತಡ ಕಮ್ಮಿ ಮಾಡೋಕಂತಲೇ ಇರೋದು) ಹಾಕ್ಕೊಳ್ಳಿ, ವಿಂಡೋಸಿನ ಮಾಮೂಲಿ ಡೈರೆಕ್ಟ್‌ಸೌಂಡಲ್ಲಿ ಇದ್ರೆ ಏನ್ ಮಾಡಿದ್ರೂ ದಂಡ. ಬ್ಲೂಟೂತ್ ಹೆಡ್‌ಫೋನು ಮಾತ್ರ ದಯವಿಟ್ಟು ಬೇಡ, ಅದರದ್ದೇ ಸುಮಾರಾಗಿ ನೂರು ಮಿಲಿಸೆಕೆಂಡ್ ಮೇಲಿರತ್ತೆ.

ಬಫರ್ 64ಕ್ಕೆ ಇಳಿಸಿದ ತಕ್ಷಣ ಚಟಪಟ ಅಂತ ಸದ್ದು ಶುರುವಾಯ್ತು. ಸಿಪಿಯು ಮೀಟರ್ ನೋಡಿದ್ರೆ 15 ಪರ್ಸೆಂಟೂ ಇಲ್ಲ, ಹಂಗಾದ್ರೆ ಪ್ರೊಸೆಸರ್ ಸಾಲ್ದೇ ಆಗ್ತಿರೋದಲ್ಲ, ಬೇರೆ ಯಾವ್ದೋ ಡ್ರೈವರು ಮಧ್ಯ ನುಗ್ಗಿ ಪ್ರೊಸೆಸರನ್ನ ಹಿಡ್ಕೊಂಡು ಕೂರ್ತಿದೆ ಅಂತ ಅರ್ಥ. ಲೇಟೆನ್ಸಿಮಾನ್ ಅಂತ ಒಂದು ಟೂಲ್ ಇದೆ, ಹತ್ತು ನಿಮಿಷ ಓಡೋಕೆ ಬಿಟ್ರೆ ಯಾವ ಡ್ರೈವರ್ ಎಷ್ಟು ಹೊತ್ತು ತಡೆಹಿಡೀತಿದೆ ಅಂತ ಲಿಸ್ಟ್ ಕೊಡತ್ತೆ. ನನ್ನ ಲ್ಯಾಪ್‌ಟಾಪಲ್ಲಿ ಮೇಲೆ ಕೂತಿದ್ದು ನೆಟ್‌ವರ್ಕ್ ಡ್ರೈವರು. ರೆಕಾರ್ಡಿಂಗ್ ಟೈಮಲ್ಲಿ ವೈಫೈ ಡಿಸೇಬಲ್ ಮಾಡಿದೆ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸಿಗೆ ಹಾಕಿದೆ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಪವರ್ ಉಳಿಸೋಕೆ ಯುಎಸ್‌ಬಿಯನ್ನ ನಿದ್ದೆಗೆ ಹಾಕೋದು) ಆಫ್ ಮಾಡಿದೆ, ಇಂಟರ್ಫೇಸನ್ನ ಹಬ್‌ನಿಂದ ಕಿತ್ತು ನೇರ ಲ್ಯಾಪ್‌ಟಾಪಿಗೆ ಚುಚ್ಚಿದೆ. 64ರಲ್ಲಿ ಆಗೊಂದು ಈಗೊಂದು ಸದ್ದು ಉಳೀತು, 128ರಲ್ಲಿ ಪೂರ್ತಿ ಕ್ಲೀನು, ಅಲ್ಲಿಗೇ ನಿಲ್ಲಿಸಿದೆ. ಮೃದಂಗದ ಹುಡುಗನಿಗೆ ಇಷ್ಟೇ ಸಾಕಾಯ್ತು.

ಹಾಡೋರಿಗೆ ಸಾಕಾಗಲ್ಲ. ಅವರಿಗೆ ಇಂಟರ್ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿ, ಮೈಕಿನ ಸಿಗ್ನಲ್ ಕಂಪ್ಯೂಟರ್ ಸುತ್ತಿ ಬರದೇ ನೇರ ಕಿವಿಗೆ ಹೋಗತ್ತೆ. ಆಗ "ರಿವರ್ಬ್ ಇಲ್ದೇ ಒಣಒಣ ಅನ್ಸತ್ತೆ, ಹಾಡೋಕಾಗಲ್ಲ" ಅಂತಾರೆ, ನ್ಯಾಯವೇ. ಅದಕ್ಕೆ ನಾನು ರೀಪರಲ್ಲಿ ಟ್ರ್ಯಾಕಿನ ಮಾನಿಟರೂ ಆನ್ ಇಟ್ಟು, ರಿವರ್ಬ್ ಪ್ಲಗಿನ್ನಲ್ಲಿ ಡ್ರೈ (ಮೂಲ ಧ್ವನಿ) ಪೂರ್ತಿ ಸೊನ್ನೆ ಮಾಡಿ ವೆಟ್ (ರಿವರ್ಬಿನ ಗುಂಗು) ಮಾತ್ರ ಕೊಡ್ತೀನಿ. ಸಾಫ್ಟ್‌ವೇರಿಂದ ಬರೋದು ಬರೀ ಗುಂಗು, ಅದು ಹತ್ತು ಮಿಲಿಸೆಕೆಂಡ್ ತಡವಾದ್ರೂ ನಷ್ಟ ಇಲ್ಲ, ದೊಡ್ಡ ಹಾಲ್‌ನಲ್ಲೂ ಗುಂಗು ತಡವಾಗೇ ತಾನೇ ಬರೋದು. ನನ್ನ ಕೇಳಿದ್ರೆ ಈ ಒಂದು ಸೆಟ್ಟಿಂಗು ಹೊಸ ಲ್ಯಾಪ್‌ಟಾಪಿಗಿಂತ ಮೇಲು.

ಇನ್ನು ಟ್ರ್ಯಾಕ್ ಹಿಂದೆ ಕೂರೋ ವಿಷಯ. ಡ್ರೈವರು "ನನ್ನ ತಡ ಇಷ್ಟು" ಅಂತ ರೀಪರ್‌ಗೆ ಹೇಳತ್ತೆ, ರೀಪರ್ ಅಷ್ಟನ್ನ ಮುಂದಕ್ಕೆ ಎಳೆದು ಕೂರಿಸತ್ತೆ, ಆದ್ರೆ ಡ್ರೈವರ್ ಹೇಳೋದೇ ತಪ್ಪಿದ್ರೆ? ಒಂದು ಕೇಬಲ್ ತಗೊಂಡು ಇಂಟರ್ಫೇಸಿನ ಲೈನ್ ಔಟಿಂದ ಲೈನ್ ಇನ್‌ಗೆ ಸಿಕ್ಕಿಸಿ (ಡೈರೆಕ್ಟ್ ಮಾನಿಟರೂ ಟ್ರ್ಯಾಕಿನ ಮಾನಿಟರೂ ಆಫ್ ಇರಲಿ, ಇಲ್ದಿದ್ರೆ ಫೀಡ್‌ಬ್ಯಾಕ್ ಕೂಗತ್ತೆ), ಒಂದು ಟ್ರ್ಯಾಕಲ್ಲಿರೋ ಕ್ಲಿಕ್ಕನ್ನ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿದೆ. ಪೂರ್ತಿ ಝೂಮ್ ಮಾಡಿದ್ರೆ ಸ್ಯಾಂಪಲ್ಲುಗಳು ಚುಕ್ಕಿ ಚುಕ್ಕಿಯಾಗಿ ಕಾಣ್ತಾವೆ, ಎರಡು ಕ್ಲಿಕ್ಕಿನ ತುದಿ ಮಧ್ಯೆ 96 ಸ್ಯಾಂಪಲ್ ಅಂತರ ಇತ್ತು, 48,000ದಲ್ಲಿ ಸರಿಯಾಗಿ 2 ಮಿಲಿಸೆಕೆಂಡು. ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪೇಜಲ್ಲಿ ಮ್ಯಾನ್ಯುಯಲ್ ಆಫ್‌ಸೆಟ್ ಅಂತ ಜಾಗ ಇದೆ, ಅಲ್ಲಿ ಆ ನಂಬರ್ ಹಾಕಿ ಮತ್ತೆ ಅದೇ ಟೆಸ್ಟ್ ಮಾಡಿ, ಅಂತರ ಕಮ್ಮಿಯಾಗೋ ಬದಲು ಡಬಲ್ ಆದ್ರೆ ಮೈನಸ್ ಹಾಕಿ. ಸ್ಯಾಂಪಲ್ ರೇಟ್ ಬದಲಾಯಿಸಿದ್ರೆ ಇನ್ನೊಂದ್ಸಲ ಅಳೀಬೇಕು.

ಇನ್ನೊಂದು ಹೇಳಲೇಬೇಕು, ಎಲ್ಲಾ ಟ್ರ್ಯಾಕು ಸೇರೋ ಮಾಸ್ಟರಲ್ಲಿ ಶಬ್ದವನ್ನ ಸ್ವಲ್ಪ ತಡೆದಿಟ್ಕೊಂಡು ಕೆಲಸ ಮಾಡೋ ಪ್ಲಗಿನ್ನು, ಅಂದ್ರೆ ಲುಕ್‌ಅಹೆಡ್ ಲಿಮಿಟರೋ ಲೀನಿಯರ್ ಫೇಸ್ ಈಕ್ಯೂನೋ ಇದ್ರೆ ಬಫರ್ ಎಷ್ಟು ಇಳಿಸಿದ್ರೂ ಅದರ ತಡ ಬೇರೆ ಸೇರತ್ತೆ, ರೆಕಾರ್ಡ್ ಮಾಡುವಾಗ ಬೈಪಾಸ್ ಮಾಡಿ. ಮಿಕ್ಸಿಂಗಿಗೆ ಕೂತಾಗ ಮೈಕ್ ಮುಂದೆ ಯಾರೂ ಇರಲ್ವಲ್ಲ, ಆಗ ಎಲ್ಲಾ ವಾಪಸ್ ಆನ್ ಮಾಡಿ ಬಫರ್ 1024ಕ್ಕೆ ಏರಿಸಿ ಆರಾಮಾಗಿ ಕೆಲಸ ಮಾಡ್ತೀನಿ.